ರಚ್ಚಿನ ಕಾಗದ ಜರ್ಮನಿಯಲ್ಲಿ ಓಡಿದ್ದು

ಜರ್ಮನಿಗೆ ಹೋಗಿ ಬಂದೆ ಎಂದರೆ ಊರಿನಲ್ಲಿ ಎಲ್ಲರೂ ಕೇಳುವುದು ಕೋಟೆ ನೋಡಿದಿರಾ, ಹಿಮ ನೋಡಿದಿರಾ ಎಂದು. ಕೋಟೆಯೊಂದನ್ನು ರೈಲಿನ ಕಿಟಕಿಯಿಂದ ನೋಡಿದೆ. ಹಿಮವನ್ನು ದಿನವೂ ತುಳಿದೆ. ಆದರೆ ಅಲ್ಲಿದ್ದಷ್ಟು ದಿನ ನಾನು ಕಣ್ಣು ನೆಟ್ಟು ನೋಡಿದ್ದು ಒಂದು ಕಾಗದದ ಅಂಚನ್ನು. ಅದು ಎಲ್ಲಿ ಹರಿಯಿತು, ಯಾಕೆ ಹರಿಯಿತು ಎನ್ನುವುದೇ ಈ ಪ್ರವಾಸದ ಕಥೆ. ನಡುವೆ ಒಂದು ಗಳಿಗೆಯ ಸಂಗತಿ ಬರುತ್ತದೆ. ಅದನ್ನು ಬರೆಯುವಾಗ ಈಗಲೂ ನನ್ನ ಕೈ ನಿಧಾನವಾಗುತ್ತದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ, ಓದುವವರು ಸ್ವಲ್ಪ ತಾಳ್ಮೆಯಿಂದಿರಬೇಕು.

ಶ್ರೀರಂಗಪಟ್ಟಣ ಬಿಡುವ ಮುಂಚೆ

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಾಂಡವಪುರದವನು. ಶ್ರೀರಂಗಪಟ್ಟಣದ ಆಚೆ, ಕರಿಘಟ್ಟ ಕಾಣುವಷ್ಟು ದೂರದಲ್ಲಿ, ನಾಗಮಂಗಲದ ಪುಟ್ಟಸ್ವಾಮಿಯವರ ಸಣ್ಣ ಕಾರ್ಖಾನೆಯಲ್ಲಿ ಸರಕು ಪರೀಕ್ಷೆ ಮಾಡುವ ಕೆಲಸ ನನ್ನದು. ಕಾಗದಕ್ಕೆ ತೆಳ್ಳಗೆ ಮೇಣ ಹಚ್ಚಿ ಬ್ರೆಡ್ಡು, ಸೋಪು ಸುತ್ತುವವರಿಗೆ ಕೊಡುತ್ತಿದ್ದೆವು. ಕಾಗದ ಕಬ್ಬಿನ ರಚ್ಚಿನದು, ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯಿಂದ ಮಾಡಿದ್ದು. ನಮ್ಮ ಯಂತ್ರ ಹಳೆಯದು. ಮೇಣ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕೊಳ್ಳುವವರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಹೊಸ ಯಂತ್ರ ಬಾರದಿದ್ದರೆ ಬಾಗಿಲು ಹಾಕುವುದೊಂದೇ ದಾರಿ ಎಂದು ಯಜಮಾನರು ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು.

ಜರ್ಮನಿಯ ಒಂದು ಕಂಪನಿಯಲ್ಲಿ ನಮಗೆ ಸರಿಹೊಂದುವ ಯಂತ್ರ ಸಿದ್ಧವಿತ್ತು. ಅದಕ್ಕೆ ಇನ್ನೊಬ್ಬ ಗಿರಾಕಿಯೂ ಕಾದಿದ್ದ. ರಚ್ಚಿನ ಕಾಗದ ಎಂದ ಕೂಡಲೇ ಆ ಕಂಪನಿಯವರಿಗೆ ಅನುಮಾನ ಬಂತು. ಓಡದ ಕಾಗದಕ್ಕೆ ಯಂತ್ರ ಮಾರಿ ಹೆಸರು ಕೆಡಿಸಿಕೊಳ್ಳುವುದಿಲ್ಲ ಎಂದರು. ನಮ್ಮ ಕಾಗದದ ಒಂದು ಇಡೀ ರೋಲು ಒಂದು ಸಲವೂ ಹರಿಯದೆ ಅಲ್ಲಿ ಓಡಿದರೆ ಯಂತ್ರ ನಮಗೆ, ಇಲ್ಲದಿದ್ದರೆ ಆ ಗಿರಾಕಿಗೆ. ಮೂರು ರೋಲುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಂಚಿತವಾಗಿ ಹಡಗಿಗೆ ಹಾಕಿಸಿದೆವು. ಹಿಂದೆಯೇ ಹೊರಟವರು ನಾನು ಮತ್ತು ಯಂತ್ರ ಓಡಿಸುವ ನಿಂಗೇಗೌಡರು. ಅವರು ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವರು, ನನಗಿಂತ ವಯಸ್ಸಿನಲ್ಲಿ ದೊಡ್ಡವರು.

ಈ ಕೆಲಸದಲ್ಲಿ ಎಲ್ಲವೂ ಎಳೆತದ ಮೇಲೆ ನಿಂತಿದೆ. ಒಗೆದ ಸೀರೆಯನ್ನು ಇಬ್ಬರು ಎದುರುಬದುರು ನಿಂತು ಮಡಿಸುವುದನ್ನು ನೆನೆಸಿಕೊಳ್ಳಿ. ಇಬ್ಬರೂ ಹದವಾಗಿ ಎಳೆದರೆ ಸೀರೆ ಸಾಪಾಗಿ ನಿಲ್ಲುತ್ತದೆ. ಒಬ್ಬರು ಸಡಿಲ ಬಿಟ್ಟರೆ ನೆಲಕ್ಕೆ ತಾಗುತ್ತದೆ, ಜಗ್ಗಿದರೆ ಇನ್ನೊಬ್ಬರ ಕೈಯಿಂದ ಜಾರುತ್ತದೆ. ಯಂತ್ರದಲ್ಲಿ ಒಂದು ತುದಿಯಲ್ಲಿ ರೋಲು ಬಿಚ್ಚುತ್ತದೆ, ನಡುವೆ ಮೇಣ ಹತ್ತುತ್ತದೆ, ಇನ್ನೊಂದು ತುದಿಯಲ್ಲಿ ಮತ್ತೆ ಸುತ್ತಿಕೊಳ್ಳುತ್ತದೆ. ಬಿಚ್ಚುವ ರೋಲು ಸಣ್ಣದಾದಂತೆಲ್ಲ ಜೋರಾಗಿ ತಿರುಗುವುದರಿಂದ ಅದರ ಬ್ರೇಕನ್ನೂ ಅಷ್ಟಷ್ಟೇ ಸಡಿಲಿಸುತ್ತ ಬರಬೇಕು. ನಮ್ಮಲ್ಲಿ ಇದನ್ನು ನಿಂಗೇಗೌಡರು ಕೈಯಲ್ಲೇ ಮಾಡುತ್ತಿದ್ದರು. ಜರ್ಮನಿಯ ಯಂತ್ರದಲ್ಲಿ ಆ ಕೆಲಸಕ್ಕೆ ತೂಗಾಡುವ ಒಂದು ಉರುಳೆ ಇತ್ತು. ಕಾಗದ ಸಡಿಲವಾದರೆ ಅದು ಕೆಳಗಿಳಿಯುತ್ತದೆ, ಬಿಗಿಯಾದರೆ ಮೇಲೇರುತ್ತದೆ, ಅದರ ಏರಿಳಿತ ನೋಡಿ ಯಂತ್ರ ತಾನಾಗಿ ಬ್ರೇಕು ಒತ್ತುತ್ತದೆ ಅಥವಾ ಬಿಡುತ್ತದೆ. ಅಲ್ಲಿಯವರು ಅದನ್ನು ನರ್ತಕಿ ಎನ್ನುತ್ತಾರೆ. ನಿಂಗೇಗೌಡರು ಯಂತ್ರದ ಚಿತ್ರ ನೋಡಿದ ದಿನವೇ ಅದಕ್ಕೆ ಕುಣಿಯಮ್ಮ ಎಂದು ಹೆಸರಿಟ್ಟರು.

ಫ್ರಾಂಕ್‌ಫರ್ಟಿನಿಂದ ರೈಲು

ವಿಮಾನ ಇಳಿದು ರೈಲು ಹತ್ತಿದೆವು. ಡಬ್ಬಿ ತುಂಬ ಜನ, ಒಂದು ಪಿಸುಮಾತೂ ಇಲ್ಲ. ನಿಂಗೇಗೌಡರು ಮಂಕಿಕ್ಯಾಪು ಹಾಕಿ, ಕುತ್ತಿಗೆಗೆ ಕಂದು ಮಫ್ಲರನ್ನು ಎರಡು ಸುತ್ತು ಸುತ್ತಿಕೊಂಡು ಕೂತಿದ್ದರು.

"ಸಾ, ಇವ್ರೆಲ್ಲ ಸಾವಿನ್ ಮನೆಗ್ ಓಯ್ತಾವ್ರಾ? ಒಬ್ರೂ ಬಾಯ್ ಬುಡಕಿಲ್ವಲ್ಲ!"

ಅವರ ದನಿ ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದದ್ದು. ಎದುರಿದ್ದ ಅಜ್ಜಿಯೊಬ್ಬರು ತುಟಿಯ ಮೇಲೆ ಬೆರಳಿಟ್ಟರು. ಗೌಡರು ಕೈಮುಗಿದು ದನಿ ತಗ್ಗಿಸಿದರು. ತಗ್ಗಿಸಿದ್ದು ಅವರ ಲೆಕ್ಕದಲ್ಲಿ ಮಾತ್ರ.

"ನಮ್ ಕಿಕ್ಕೇರಿ ಬಸ್ಸಲ್ಲಾಗಿದ್ರೆ ಇಷ್ಟೊತ್ಗೆ ಯಾರ್ ಮಗಳ್ನ ಎಲ್ಲಿಗ್ ಕೊಟ್ಟವ್ರೆ, ಯಾರ್ ಎಮ್ಮೆ ಎಷ್ಟ್ ಆಲು ಕೊಡ್ತದೆ, ಎಲ್ಲಾ ಗೊತ್ತಾಗೋಗಿರೋದು."

ಅಜ್ಜಿ ಮತ್ತೆ ಬೆರಳಿಟ್ಟರು. ಆದರೆ ಇಳಿಯುವಾಗ ನಮ್ಮ ಚೀಲಕ್ಕೆ ತಾವೇ ಕೈಹಾಕಿ ಕೆಳಗಿಳಿಸಿಕೊಟ್ಟರು.

ಹಿಲ್ಡೆಯಮ್ಮನ ಮನೆ

ನೆಕ್ಕಾರ್ ನದಿಗೆ ಸೇರುವ ಒಂದು ಹೊಳೆಯ ದಡದಲ್ಲಿ ಆ ಊರು. ಕಂಪನಿಯವರು ನಮ್ಮನ್ನು ಹಿಲ್ಡೆ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಇಳಿಸಿದ್ದರು. ಗೌಡರು ಮೊದಲ ದಿನವೇ ಅವರನ್ನು ಹಿಲ್ಡೆಯಮ್ಮ ಎಂದು ಕರೆದರು, ಅವರೂ ಓಗೊಟ್ಟರು.

ಹಾಸಿಗೆಯ ಮೇಲೆ ಪುಕ್ಕ ತುಂಬಿದ ದಪ್ಪ ಮೆತ್ತೆಯೊಂದಿತ್ತು. ಎಂಥ ಒಳ್ಳೆಯ ಹಾಸಿಗೆ ಎಂದುಕೊಂಡು ಇಬ್ಬರೂ ಅದರ ಮೇಲೆ ಮಲಗಿ, ನಮ್ಮ ಪಂಚೆಗಳನ್ನೇ ಹೊದ್ದು ನಡುಗಿದೆವು.

"ಎಂಥಾ ಜನ ಸಾ! ಕೆಳಕ್ಕೆ ಇಷ್ಟ್ ದಪ್ಪ ಆಕವ್ರೆ, ಒದ್ಕಳಕ್ಕೆ ಒಂದ್ ದುಪ್ಟಿ ಮಡಗಿಲ್ಲ."

ಬೆಳಿಗ್ಗೆ ಹಿಲ್ಡೆಯಮ್ಮ ಬಂದು, ನಾವು ಮಲಗಿದ್ದ ಗುರುತು ನೋಡಿ, ಮೆತ್ತೆಯನ್ನು ಎತ್ತಿ ಗೌಡರ ಹೆಗಲಿಗೆ ಹೊದಿಸಿ ತೋರಿಸಿದರು. ಅದೇ ಹೊದಿಕೆ. ಆಮೇಲೆ ಹೊರಗೆ ನೀರು ಗಡ್ಡೆಕಟ್ಟುವ ಚಳಿ ಇದ್ದರೂ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿ, ಗೋಡೆಗಿದ್ದ ಬಿಸಿನೀರಿನ ಕೊಳವೆಗಳನ್ನು ಮತ್ತೆ ಕಾಯಲು ಬಿಟ್ಟರು. ದಿನವೂ ಇದೇ ಪದ್ಧತಿ. ನಮ್ಮ ಮನೆಗಳಲ್ಲಿ ಬೆಳಗಾದರೆ ಅಂಗಳಕ್ಕೆ ನೀರು ಹಾಕುವಷ್ಟು ತಪ್ಪದ ಕೆಲಸ ಅದು.

ಬುಧವಾರ, ಕಾರ್ಖಾನೆಯಲ್ಲಿ

ಯಂತ್ರದ ಉಸ್ತುವಾರಿ ಬೆಕ್ ಎಂಬ ಎಂಜಿನಿಯರರದು. ಎತ್ತರದ, ಸಣಕಲು ಆಳು. ಪ್ರತಿ ಬೆಳಿಗ್ಗೆ ಒಳಗೆ ಬಂದವರು ಅಲ್ಲಿದ್ದ ಪ್ರತಿಯೊಬ್ಬರ ಕೈಯನ್ನೂ ಕುಲುಕುತ್ತಿದ್ದರು. "ದಿನಾ ಒಸ ನೆಂಟ್ರು ಬಂದಂಗೆ," ಎಂದರು ಗೌಡರು.

ಅಂದು ಬೆಕ್ ಅವರಿಗೆ ಬೇರೆ ಕಡೆ ಕೆಲಸವಿತ್ತು. ಮೂಲೆಯಲ್ಲಿದ್ದ ನಮ್ಮ ಪೆಟ್ಟಿಗೆಗಳನ್ನು ತೋರಿಸಿ ಹೋದರು. ಗೌಡರು ಊರಿನಲ್ಲಿ ಮಾಡುವಂತೆಯೇ ಮಾಡಿದರು. ನಮ್ಮ ಕಾರ್ಖಾನೆಯ ಎರಡು ಬದಿಗೂ ನಾಲೆ. ಕೆ.ಆರ್.ಎಸ್. ನೀರು ಬಿಟ್ಟರೆ ಗೋಡೆಯೂ ಬೆವರುತ್ತದೆ. ಬರುವ ಕಾಗದ ಸದಾ ತೇವ, ತೇವದ ಕಾಗದಕ್ಕೆ ಮೇಣ ಕೂರುವುದಿಲ್ಲ. ಅದಕ್ಕೇ ನಮ್ಮಲ್ಲಿ ರೋಲು ಬಂದ ತಕ್ಷಣ ಹೊದಿಕೆ ಕಿತ್ತು ಒಂದು ದಿನ ಹಾಗೇ ಬಿಡುತ್ತೇವೆ. ಗಾಳಿ ಕುಡಿಸುವುದು ಎನ್ನುತ್ತೇವೆ. ನಮ್ಮ ಕಡೆ ಕಾಗದದ ಕೆಲಸ ಮಾಡುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಬೇರೆ ರೀತಿ ಇದೆ ಎಂದೇ ಅವರಿಗೆ ಗೊತ್ತಿಲ್ಲ. ಗೌಡರು ಮೂರೂ ರೋಲುಗಳ ಪ್ಲಾಸ್ಟಿಕ್ಕನ್ನು ಚಾಕುವಿನಿಂದ ಸೀಳಿ, ಮರದ ಅಡ್ಡೆಗಳ ಮೇಲೆ ಮಲಗಿಸಿ, ಬಿಸಿಗಾಳಿ ಬರುವ ಜಾಗಕ್ಕೆ ಸರಿಸಿದರು.

"ಚೆನ್ನಾಗ್ ಕುಡೀಲಿ ಬುಡಿ ಸಾ, ಅಡಗ್ನಾಗೆ ಬಂದಿರೋವು."

ನಾನೂ ಕೈ ಕೊಟ್ಟೆ.

ಗುರುವಾರ

ಬೆಕ್ ಅವರು ಮೊದಲ ರೋಲು ಏರಿಸಿ, ನಿಧಾನವಾಗಿ ಶುರುಮಾಡಿ ವೇಗ ಹೆಚ್ಚಿಸಿದರು. ನಮ್ಮ ಯಂತ್ರದಲ್ಲಿ ಕಾಗದ ನಡೆಯುತ್ತದೆ ಎಂದರೆ ಇಲ್ಲಿ ಅದು ಹಾರುತ್ತಿತ್ತು. ನೋಡುನೋಡುತ್ತ ಹಾಳೆಯ ನಡುಭಾಗ ಸಡಿಲಾಗಿ ಅಲೆ ಅಲೆಯಾಯಿತು. ಪಟ್ ಎಂದು ಹರಿಯಿತು.

ಇನ್ನು ಬರೆಯುವುದು ಕಷ್ಟ. ಹರಿದ ತುದಿ ಮೇಣದ ಉರುಳೆಯನ್ನು ಸುತ್ತತೊಡಗಿತು. ಊರಿನಲ್ಲಿ ಹೀಗಾದರೆ ಗೌಡರು ಬಗ್ಗಿ, ತುದಿಯನ್ನು ಕೈಯಲ್ಲಿ ಹಿಡಿದು ಬಿಡಿಸುತ್ತಾರೆ. ಅಲ್ಲಿಯೂ ಬಗ್ಗಿದರು. ನಾನು ಅವರ ಎಡಕ್ಕೆ, ಎರಡು ಹೆಜ್ಜೆ ದೂರದಲ್ಲಿದ್ದೆ. ಮೊದಲು ಮಫ್ಲರಿನ ತುದಿ ಕೋಟಿನಿಂದ ಜಾರಿತು. ಆಮೇಲೆ ಅದು ಎರಡು ಉರುಳೆಗಳ ಸಂದಿಗೆ ಹೋಯಿತು. ಆಮೇಲೆ ಅವರ ತಲೆ ಮುಂದಕ್ಕೆ ಬಾಗಿತು. ಅವರು ತಾವಾಗಿ ಬಾಗಿಸಿದ್ದಲ್ಲ. ಅವರು ಕೂಗಲಿಲ್ಲ. ನಾನೂ ಕೂಗಲಿಲ್ಲ, ಬಾಯಿ ತೆರೆದಿತ್ತು, ಅಷ್ಟೆ.

ಯಂತ್ರದ ಉದ್ದಕ್ಕೂ, ಜಗ್ಗಿದರೆ ಎಲ್ಲ ನಿಲ್ಲುವಂತೆ, ಒಂದು ಕೆಂಪು ಹಗ್ಗ ಕಟ್ಟಿತ್ತು. ಬೆಕ್ ಅವರು ಅದರ ಮೇಲೆ ಮೈಯನ್ನೇ ಎಸೆದರು. ಉರುಳೆ ನಿಂತಿತು. ಗೌಡರ ಗಲ್ಲಕ್ಕೂ ಉಕ್ಕಿಗೂ ನಡುವೆ ಉಳಿದದ್ದು ಒಂದು ಅಂಗೈ ಜಾಗ.

ಮಫ್ಲರ್ ಕತ್ತರಿಸಿ ಅವರನ್ನು ಬಿಡಿಸಿದರು. ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತ್ತು. ಬೆಕ್ ಅವರು ನೆಲದ ಮೇಲೆ ಕೂತುಬಿಟ್ಟರು, ಮುಖ ಸುಣ್ಣದಂತಾಗಿತ್ತು. ಯಾರೋ ನೀರು ತಂದರು. ಗೌಡರು ಮೊದಲ ಲೋಟವನ್ನು ಬೆಕ್ ಅವರಿಗೆ ಕೊಡಿಸಿದರು.

"ಊರಲ್ಲಿ ಯೋಳ್ಬೇಡಿ ಸಾ," ಎಂದರು ನನಗೆ. ಆಮೇಲೆ ದನಿ ಬದಲಿಸಿ, "ಒಳ್ಳೆ ಮಫ್ಲರು, ಬಾಮೈದ ಕೊಡ್ಸಿದ್ದು," ಎಂದರು.

ಸಂಜೆ ನಾನು ವಾಪಸು ಹೋಗೋಣ ಎಂದೆ. ಗೌಡರು ಒಪ್ಪಲಿಲ್ಲ.

"ಸಿಕ್ಕಾಕಂಡಿದ್ದು ನನ್ ಕುತ್ಗೆ ತಾನೆ? ನಾನೇ ಇರ್ತೀನಿ ಅಂತಿವ್ನಿ, ನೀವ್ಯಾಕ್ ಸಾ ಎದ್ರುತೀರಿ? ಬರಿಗೈಲಿ ಓಗಿ ಯಜಮಾನ್ರಿಗೆ ಏನ್ ಯೋಳದು? ಇಮ ಚೆನ್ನಾಗಿತ್ತು ಅನ್ನದಾ?"

ಶುಕ್ರವಾರ

ಬೆಕ್ ಅವರು ನಮ್ಮಿಬ್ಬರ ಕೊರಳನ್ನೂ ತೋಳನ್ನೂ ತಾವೇ ಪರೀಕ್ಷಿಸಿ, ಹಳದಿ ಗೆರೆ ಎಳೆದು ಅದರಾಚೆ ನಿಲ್ಲಿಸಿ, ಎರಡನೆಯ ರೋಲು ಹಾಕಿದರು. ನಡುಭಾಗ ಮತ್ತೆ ಸಡಿಲಾಯಿತು. ಅದನ್ನು ಸಾಪು ಮಾಡಲು ಅವರು ಎಳೆತ ಹೆಚ್ಚಿಸಿದರು. ಹರಿಯಿತು. ಜೋಡಿಸಿ, ಇನ್ನೂ ಹೆಚ್ಚಿಸಿದರು. ಇನ್ನೂ ಬೇಗ ಹರಿಯಿತು. ಕುಣಿಯಮ್ಮ ಮೈಮೇಲೆ ದೇವರು ಬಂದವಳಂತೆ ಏಳುತ್ತ ಬೀಳುತ್ತ ಇದ್ದಳು.

ಹಿಂದಿನ ದಿನದ ನಂತರ ನನಗೆ ಕಣ್ಣು ತೆಗೆಯಲು ಭಯ. ಹಾಗಾಗಿ ಪ್ರತಿ ಸಲವೂ ಹರಿದದ್ದು ಎಲ್ಲಿಂದ ಎಂದು ನೋಡಿದೆ. ಒಮ್ಮೆ ಎಡ ಅಂಚಿನಿಂದ, ಒಮ್ಮೆ ಬಲ ಅಂಚಿನಿಂದ, ನಡುವಿನಿಂದ ಒಂದು ಸಲವೂ ಇಲ್ಲ. ಬೆಕ್ ಅವರಿಗೆ ಹೇಳಿದೆ.

"ದುರ್ಬಲ ಕಾಗದ ಅಂಚಿನಿಂದಲೇ ಹರಿಯುತ್ತದೆ, ಮಿಸ್ಟರ್ ಮೂರ್ತಿ," ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. "ಇನ್ನೊಂದೇ ರೋಲು ಉಳಿದಿದೆ. ಸೋಮವಾರ ಹಾಕೋಣ. ಅದೂ ಹರಿದರೆ ಆ ಇನ್ನೊಬ್ಬ ಗಿರಾಕಿಗೆ ಹೂಂ ಎನ್ನಬೇಕಾಗುತ್ತದೆ."

ಮನೆಗೆ ಬಂದೆವು. ಗೌಡರ ತುಟಿ ಒಡೆದು ರಕ್ತ ಬರುತ್ತಿತ್ತು, ನನ್ನ ಹಿಮ್ಮಡಿಯೂ ಬಿರಿದಿತ್ತು. ಚಳಿಗೆ ಎಂದುಕೊಂಡಿದ್ದೆವು. ಹಿಲ್ಡೆಯಮ್ಮ ನೋಡಿದವರೇ ಚಪ್ಪಟೆಯಾದ ಒಂದು ಮಣ್ಣಿನ ಪಾತ್ರೆ ತಂದು, ನೀರು ತುಂಬಿ, ಬಿಸಿ ಕೊಳವೆಗಳ ಮೇಲೆ ತಗುಲಿಸಿದರು. ಅರ್ಧಂಬರ್ಧ ಇಂಗ್ಲಿಷಿನಲ್ಲಿ, ಚಳಿಯದ್ದಲ್ಲ ಈ ತಪ್ಪು ಎಂದರು. ಮನೆ ಕಾಯಿಸಿದರೆ ಒಳಗಿನ ಗಾಳಿ ಒಣಗುತ್ತದೆ, ಒಣಗಿದ ಗಾಳಿ ಸಿಕ್ಕಿದ್ದರಿಂದೆಲ್ಲ ನೀರು ಹೀರುತ್ತದೆ. ಗೋಡೆಬೀರುವಿನ ಬಾಗಿಲನ್ನು ತೋರಿಸಿದರು. ಹಲಗೆ ಅಂಚಿನಲ್ಲಿ ಸೀಳಿತ್ತು.

ನಾನು ಗೌಡರಿಗೆ ಕನ್ನಡದಲ್ಲಿ ಹೇಳಿದೆ. ಅವರು ಆ ಸೀಳಿನ ಮೇಲೆ ಬೆರಳಾಡಿಸಿದರು. ತಮ್ಮ ತುಟಿ ಮುಟ್ಟಿಕೊಂಡರು. ತಟ್ಟನೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು.

"ಅಯ್ಯಯ್ಯೋ ಸಾ! ಗಾಳಿ ಕುಡೀಲಿ ಅಂತ ಮಡಗುದ್ವಲ್ಲ, ಗಾಳೀನೇ ಕಾಗ್ದವ ಕುಡ್ದಾಕ್ಬುಟ್ಟದೆ!"

ನಾನೂ ಎದ್ದೆ. ರೋಲಿನ ಎರಡು ತುದಿಗಳೂ ಗಾಳಿಗೆ ತೆರೆದಿದ್ದವು. ಅಂಚು ಒಣಗಿ ಕುಗ್ಗಿ ಬಿಗಿದಿತ್ತು, ನಡುಭಾಗ ಮೊದಲಿನಂತೆಯೇ ಉಳಿದು ಸಡಿಲವಾಗಿ ಕಂಡಿತ್ತು. ಎಳೆದ ಭಾರವೆಲ್ಲ ಅಂಚುಗಳ ಮೇಲೇ ಬಿದ್ದಿತ್ತು. ಸಡಿಲನ್ನು ಸರಿಮಾಡಲು ಇನ್ನಷ್ಟು ಎಳೆದದ್ದೇ ಹರಿಯಲು ಕಾರಣವಾಗಿತ್ತು.

ಶನಿವಾರ

ಆ ಊರಿನಲ್ಲಿ ಶನಿವಾರ ಕಾರ್ಖಾನೆ ತೆರೆಯುವುದೆಂದರೆ ನಮ್ಮಲ್ಲಿ ಹಬ್ಬದ ದಿನ ನೇಗಿಲು ಹೂಡಿದಂತೆ. ಹಿಲ್ಡೆಯಮ್ಮ ಬೆಕ್ ಅವರ ಮನೆಗೆ ಫೋನು ಮಾಡಿ ಜರ್ಮನ್ ಭಾಷೆಯಲ್ಲಿ ಏನೋ ಗದರಿದರು. ಬೆಕ್ ಅವರು ಕೀಲಿಕೈ ಹಿಡಿದು, ಗಡ್ಡವನ್ನೂ ಬೋಳಿಸದೆ ಬಂದರು.

ನಾನು ವಿವರಿಸಿದೆ. ಅವರು ನಡುವೆ ತಡೆದರು. "ಹೊದಿಕೆ ತೆಗೆದದ್ದು ಯಾವಾಗ?"

"ಬುಧವಾರ."

"ಬುಧವಾರವೇ?" ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರಲ್ಲಿ ಯಂತ್ರಕ್ಕೆ ಏರಿಸುವ ಗಳಿಗೆಗೆ ಮಾತ್ರ ಹೊದಿಕೆ ತೆಗೆಯುತ್ತಾರೆ. ಬೇರೆಯವರು ಬೇರೆ ರೀತಿ ಮಾಡಿಯಾರು ಎಂದು ಅವರಿಗೂ ತೋಚಿರಲಿಲ್ಲ, ನಮಗೂ ತೋಚಿರಲಿಲ್ಲ.

ಗೌಡರು ಅಷ್ಟರಲ್ಲಿ ಉಳಿದ ರೋಲಿನ ಮುಂದೆ ಕೂತು, ಹಲಸಿನ ಹಣ್ಣು ನೋಡುವಂತೆ ಗೆಣ್ಣಿನಿಂದ ತಟ್ಟುತ್ತಿದ್ದರು. ಅಂಚಿನಲ್ಲಿ ಟಣ್, ನಡುವೆ ದಬ್. ಬೆಕ್ ಅವರು ಗೋಡೆಯಿಂದ ರಬ್ಬರಿನ ಸುತ್ತಿಗೆ ತಂದು ಅದೇ ಜಾಗಗಳಲ್ಲಿ ತಟ್ಟಿದರು. ಅವರೂ ರೋಲನ್ನು ಹಾಗೆಯೇ ಪರೀಕ್ಷಿಸುತ್ತಾರೆ, ಈ ಸಲ ತಟ್ಟುವುದೊಂದನ್ನು ಬಿಟ್ಟಿದ್ದರು. ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ತಟ್ಟಿ ತಟ್ಟಿ, ಎದುರುಬದುರು ನೋಡಿ, ಇಬ್ಬರೂ ನಗತೊಡಗಿದರು.

ಆಮೇಲೆ ಮೂವರೂ ಅಂಗಿಯ ತೋಳು ಮಡಚಿದೆವು. ರೋಲಿನ ಸುತ್ತ ಮರದ ಚೌಕಟ್ಟು ನಿಲ್ಲಿಸಿದೆವು. ಹಿಲ್ಡೆಯಮ್ಮನ ಹಾಸಿಗೆ ಬಟ್ಟೆಗಳನ್ನು ನೆನೆಸಿ ಹಿಂಡಿ, ಕಾಗದಕ್ಕೆ ತಾಗದಂತೆ ತೂಗುಹಾಕಿದೆವು. ಕೆಳಗೆ ಬಿಸಿನೀರಿನ ಬೋಗುಣಿ, ಮೇಲೆ ಪ್ಲಾಸ್ಟಿಕ್ ಹೊದಿಕೆ.

"ಬಾಣಂತಿ ಕೋಣೆ ಆಯ್ತು ನೋಡಿ ಸಾ," ಎಂದರು ಗೌಡರು. ಅದನ್ನು ಬೆಕ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಭಾನುವಾರ ಮಧ್ಯಾಹ್ನ ಅವರು ಹೆಂಡತಿಯನ್ನೂ ಕರೆತಂದು ಬಟ್ಟೆಗಳನ್ನು ಮತ್ತೆ ನೆನೆಸಿದರು.

ಸೋಮವಾರ

ತಟ್ಟಿ ನೋಡಿದೆವು. ಅಂಚಿನ ಸದ್ದು ನಡುವಿನ ಸದ್ದಿನ ಹತ್ತಿರಕ್ಕೆ ಬಂದಿತ್ತು, ಒಂದೇ ಆಗಿರಲಿಲ್ಲ. ಮೇಲಿನ ಸುತ್ತುಗಳನ್ನು ಬಿಚ್ಚಿ ಎಸೆದೆವು. ಬೆಕ್ ಅವರು ಎಳೆತವನ್ನು ಶುಕ್ರವಾರದ ಅರ್ಧಕ್ಕಿಂತ ಕೆಳಗಿಳಿಸಿದರು. ಇನ್ನೂ ಸ್ವಲ್ಪ ಇಳಿಸಲು ಗೌಡರು ಅಂಗೈ ಕೆಳಗೆ ಮಾಡಿ ತೋರಿಸಿದರು. ಬೆಕ್ ತಲೆಯಾಡಿಸಿ ಇಳಿಸಿದರು. ಅಕ್ಕಪಕ್ಕದ ಯಂತ್ರಗಳವರು ಒಬ್ಬೊಬ್ಬರಾಗಿ ಬಂದು ಹಳದಿ ಗೆರೆಯಾಚೆ ನಿಂತರು. ನಾನು ಕೆಂಪು ಹಗ್ಗದ ಪಕ್ಕದಲ್ಲಿ ನಿಂತು ಅದರ ಮೇಲೆ ಕೈಯಿಟ್ಟುಕೊಂಡೆ. ಯಾರೂ ಹೇಳಿರಲಿಲ್ಲ.

ಕಾಗದ ಹೊರಟಿತು. ನಡುವೆ ಸಣ್ಣ ಅಲೆಯೊಂದು ಎದ್ದಿತು. ಬೆಕ್ ಅವರ ಬೆರಳು ಎಳೆತದ ಗುಂಡಿಯ ಕಡೆ ಹೋಯಿತು.

"ಬ್ಯಾಡಿ! ವಸಿ ತಡೀರಿ!" ಗೌಡರು ಕನ್ನಡದಲ್ಲೇ ಕೂಗಿದರು. ಬೆಕ್ ಅವರಿಗೆ ಅರ್ಥವಾಯಿತು, ಕೈ ಹಿಂತೆಗೆದು ಜೇಬಿನಲ್ಲಿಟ್ಟುಕೊಂಡರು. ಅಲೆ ತಾನಾಗಿ ಕೂತಿತು. ಕುಣಿಯಮ್ಮ ಒಮ್ಮೆ ಏರಿದಳು, ಒಮ್ಮೆ ಇಳಿದಳು, ಆಮೇಲೆ ಉಸಿರಾಡುವಷ್ಟು ಮಾತ್ರ ಅಲುಗಿದಳು.

ವೇಗ ಏರಿತು. ನಾನು ಎಡ ಅಂಚು ನೋಡಿದೆ, ಬಲ ಅಂಚು ನೋಡಿದೆ, ಮತ್ತೆ ಎಡ. ಬಿಚ್ಚುವ ರೋಲು ಗಾಡಿಚಕ್ರದಷ್ಟಿದ್ದದ್ದು ಬಿಂದಿಗೆಯಷ್ಟಾಯಿತು, ಚೊಂಬಿನಷ್ಟಾಯಿತು. ಸುತ್ತಿಕೊಳ್ಳುವ ಕಡೆ ಮೇಣ ಹತ್ತಿದ ಕಾಗದ ಕನ್ನಡಿಯಂತೆ ಹೊಳೆಯುತ್ತ ಬೆಳೆಯಿತು. ಬ್ರೇಕು ಸಡಿಲವಾಗುತ್ತ ಬರುವ ಸದ್ದು ನನಗೆ ಕೇಳುತ್ತಿತ್ತು. ಕೊನೆಗೆ ಬರೀ ಕಂದು ಕೊಳವೆ ಕಾಣಿಸಿತು, ಕಾಗದದ ತುದಿ ಅದರಿಂದ ಕಳಚಿ, ಉರುಳೆಗಳ ಮೇಲೆ ಹಾದು, ಆಚೆಯ ರೋಲಿಗೆ ಸೇರಿಕೊಂಡಿತು. ಯಂತ್ರ ನಿಂತಿತು. ಒಂದು ಸಲವೂ ಹರಿದಿರಲಿಲ್ಲ.

ಗೆರೆಯಾಚೆ ನಿಂತವರು ಮೇಜಿನ ಮೇಲೆ ಗೆಣ್ಣಿನಿಂದ ಬಡಿಯತೊಡಗಿದರು. ಅವರ ಚಪ್ಪಾಳೆ ಅದು. ಬೆಕ್ ಅವರು ಬಂದು ಗೌಡರ ಕೈ ಕುಲುಕಿದರು. ಗೌಡರು ಆ ಕೈಯನ್ನು ಬಿಡದೆ ಎಳೆದು ತಬ್ಬಿಕೊಂಡರು, ಅಷ್ಟು ಎತ್ತರದ ಮನುಷ್ಯನ ಗಲ್ಲ ಅವರ ಮಂಕಿಕ್ಯಾಪಿನ ಮೇಲೆ ಕೂತಿತು. ನನ್ನ ಕೈ ಇನ್ನೂ ಹಗ್ಗದ ಮೇಲೇ ಇತ್ತು. ಅದನ್ನು ಬಿಡಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಇನ್ನೊಬ್ಬ ಗಿರಾಕಿಗೆ ನಾನೇ ಹೇಳುತ್ತೇನೆ," ಎಂದರು ಬೆಕ್. "ಯಂತ್ರ ಮಾರಿಹೋಯಿತು ಎಂದು."

ಅವರ ಕಚೇರಿಯಿಂದಲೇ ಊರಿಗೆ ಫೋನು ಮಾಡಿಸಿದರು. ಯಜಮಾನರು ಮೊದಲ ಗಂಟೆಗೇ ಎತ್ತಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಗೌಡರು ರಿಸೀವರ್ ಕಿತ್ತುಕೊಂಡರು.

"ಅಣ್ಣೋ, ಓಡ್ತು ಕಣಣ್ಣೋ! ಕೊನೆಗಂಟ ಓಡ್ತು! ಒಂದ್ ಎಳೆ ಅರೀಲಿಲ್ಲ!"

ಆಚೆ ಕಡೆ ಏನೂ ಕೇಳಿಸಲಿಲ್ಲ. ಲೈನು ಕಡಿದುಹೋಯಿತೇ ಎಂದು ನಾನೂ ಕಿವಿ ಹತ್ತಿರ ತಂದೆ. ಲೈನು ಇತ್ತು. ಯಜಮಾನರು ಫೋನನ್ನು ಮೇಜಿನ ಮೇಲೆ ಹಾಗೇ ಇಟ್ಟು ಹೊರಗೆ ಹೋಗಿದ್ದರು. ದೂರದಲ್ಲಿ, ಕಾರ್ಖಾನೆಯ ಅಂಗಳದಲ್ಲಿ, ಅವರ ಗಂಟಲು ಕೇಳಿಸಿತು:

"ಲೇ, ಬರ್ರಲಾ ಎಲ್ಲಾ! ಗುದ್ಲಿ ತತ್ತರ್ರಲಾ! ಪಾಯ ತೋಡ್ರಿ, ಮಿಸಿನ್ನು ಬತ್ತಾ ಅದೆ!"